ಪೀಣ್ಯದ ಫ್ಯಾಕ್ಟರಿಯಲ್ಲಿ ಲಾಗಿನ್‌ಗೆ ನಾಲ್ಕು ನಿಮಿಷ. ಮೂರು ಸೈಟಿಗೆ ಡಿಎನ್‌ಎಸ್ ಹೇಗೆ ಕೂರಿಸೋದು?

ಪೀಣ್ಯ_ಸೆಕೆಂಡ್_ಸ್ಟೇಜ್ · ಸೋಮವಾರ, ಬೆಳಗ್ಗೆ 9:52

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಡಿಎನ್‌ಎಸ್ (ಹೆಸರು ಕೊಟ್ರೆ ಐಪಿ ವಿಳಾಸ ಹೇಳೋದು) ಬಗ್ಗೆ. ಆಕ್ಟಿವ್ ಡೈರೆಕ್ಟರಿ (ಎಡಿ, ಬಳಕೆದಾರರು ಮತ್ತು ಪಿಸಿಗಳ ಕೇಂದ್ರ ಪಟ್ಟಿ) ಡೊಮೇನ್ ಒಂದೇ, ಜಾಗ ಮೂರು.

ವೈಟ್‌ಫೀಲ್ಡ್ ಹೆಡ್ಡಾಫೀಸಲ್ಲಿ ಎರಡು ಡಿಸಿ (ಡೊಮೇನ್ ಕಂಟ್ರೋಲರ್, ಲಾಗಿನ್ ಪರಿಶೀಲಿಸೋ ಸರ್ವರ್; ಡಿಎನ್‌ಎಸ್ ಕೂಡ ಅದರಲ್ಲೇ): 10.10.0.11, 10.10.0.12.
ಪೀಣ್ಯ ಫ್ಯಾಕ್ಟರಿಯಲ್ಲಿ ಒಂದು ಡಿಸಿ: 10.20.0.11. ಸುಮಾರು 140 ಪಿಸಿ.
ಬೊಮ್ಮಸಂದ್ರ ಗೋಡೌನಲ್ಲಿ ಡಿಸಿ ಇಲ್ಲ, 25 ಪಿಸಿ, 10.30.0.0/24. ಅಲ್ಲಿ ಡಿಎಚ್‌ಸಿಪಿ (ಪಿಸಿಗಳಿಗೆ ಐಪಿ, ಡಿಎನ್‌ಎಸ್ ವಿಳಾಸ ಹಂಚೋದು) ಕೊಡೋದು ಫೈರ್‌ವಾಲೇ.

ಎಲ್ಲಾ ವಿಂಡೋಸ್ ಸರ್ವರ್ 2019, ಮಧ್ಯೆ ಐಪಿಸೆಕ್ ಟನಲ್ (ಸೈಟುಗಳನ್ನ ಜೋಡಿಸೋ ಸುರಕ್ಷಿತ ದಾರಿ). ಡೊಮೇನ್ ಹೆಸರು ಕಾರ್ಖಾನೆ.ಲೋಕಲ್ ಅಂತಿಟ್ಕೊಳ್ಳಿ. ಪೀಣ್ಯದ ಡಿಎಚ್‌ಸಿಪಿಯಲ್ಲಿ ಮೊದಲನೇ ಡಿಎನ್‌ಎಸ್ 10.20.0.11, ಎರಡನೇದು 8.8.8.8 (ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್). ಡಿಸಿ ಬಿದ್ರೂ ಇಂಟರ್ನೆಟ್ ಇರ್ಲಿ ಅಂತ ಹಿಂದಿನವರು ಹಾಕಿದ್ದು.

ತೊಂದರೆ: ಬೆಳಗಿನ ಶಿಫ್ಟಲ್ಲಿ ಕೆಲವು ಪಿಸಿ ಲಾಗಿನ್ ಆಗೋಕೆ ಮೂರು-ನಾಲ್ಕು ನಿಮಿಷ. ಕೆಲವು ತಕ್ಷಣ ಆಗ್ತವೆ. ಫೈಲ್ ಸರ್ವರ್ ಹೆಸರಲ್ಲಿ ಸಿಗಲ್ಲ, ಐಪಿ ಹೊಡೆದ್ರೆ ಸಿಗತ್ತೆ. ಪ್ರತಿ ಸೈಟಿಗೂ ಬೇರೆ ಬೇರೆ ಝೋನ್ (ಡಿಎನ್‌ಎಸ್ ಹೆಸರುಗಳ ಪಟ್ಟಿ) ಮಾಡಬೇಕಾ? ಪೀಣ್ಯದಲ್ಲಿ ಸೆಕೆಂಡರಿ ಝೋನ್ (ಓದೋಕೆ ಮಾತ್ರ ಇರೋ ಪ್ರತಿ) ಇಟ್ರೆ ಸಾಕಾ? ಡಿಸಿಗಳ ನೆಟ್‌ವರ್ಕ್ ಕಾರ್ಡಲ್ಲಿ ಯಾವ ಡಿಎನ್‌ಎಸ್ ಯಾವ ಕ್ರಮದಲ್ಲಿ?

---

ಬನಶಂಕರಿ_ಬೈಟ್ · 10:01

ಆ 8.8.8.8 ತೆಗೀರಿ. ಮಿಕ್ಕಿದ್ದು ಆಮೇಲೆ.

---

ಎಸ್‌ಆರ್‌ವಿ_ಶಾಸ್ತ್ರಿ · 10:14

ಮೇಲಿನವರು ಹೇಳಿದ್ದು ಸರಿ, ಕಾರಣ ನಾನು ಹೇಳ್ತೀನಿ. ಎರಡನೇ ಡಿಎನ್‌ಎಸ್ ಅಂದ್ರೆ "ಮೊದಲನೇದಕ್ಕೆ ಗೊತ್ತಿಲ್ಲದ್ದನ್ನ ಇದನ್ನ ಕೇಳು" ಅಂತಲ್ಲ. ಮೊದಲನೇದು ಉತ್ತರವನ್ನೇ ಕೊಡದಿದ್ರೆ ಮಾತ್ರ ಎರಡನೇದರ ಪಾಳಿ. ವಿಂಡೋಸ್ ಕ್ಲೈಂಟ್ ಸುಮಾರು ಒಂದು ಸೆಕೆಂಡ್ ಕಾಯತ್ತೆ, ಅಷ್ಟರಲ್ಲಿ ಉತ್ತರ ಬರಲಿಲ್ಲ ಅಂದ್ರೆ ಮುಂದಿನ ಸರ್ವರ್‌ಗೆ ಹೋಗತ್ತೆ. ಹಾಗೆ ಹೋದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ಅಂಟಿಕೊಂಡಿರಬಹುದು.

ಬೆಳಗ್ಗೆ ಶಿಫ್ಟ್ ಶುರುವಾದಾಗ 140 ಪಿಸಿ ಒಟ್ಟಿಗೆ ಆನ್ ಆಗ್ತವೆ. ಒಂದು ಪ್ಯಾಕೆಟ್ ಬಿದ್ದುಹೋದ್ರೂ ಆ ಪಿಸಿ 8.8.8.8ನ್ನ ಕೇಳತ್ತೆ. ಅಲ್ಲಿಂದ ಬರೋ ಉತ್ತರ "ಆ ಹೆಸರೇ ಇಲ್ಲ". ಇಲ್ಲ ಅನ್ನೋದೂ ಒಂದು ಉತ್ತರವೇ. ಕ್ಲೈಂಟ್ ಅದನ್ನ ನಂಬಿ ಸುಮ್ಮನಾಗತ್ತೆ, ವಾಪಸ್ ನಿಮ್ಮ ಡಿಸಿನ ಕೇಳಲ್ಲ. ಎತ್ತು ಏರಿಗೆಳೀತು, ಕೋಣ ನೀರಿಗೆಳೀತು. ಅದಕ್ಕೇ ಒಂದು ಪಿಸಿ ಸರಿ, ಪಕ್ಕದ್ದು ಹಾಳು.

---

ಪಿಂಗ್_ಪಾಂಗ್ · 10:20

ಓದೋಕೆ ಚೆನ್ನಾಗಿದೆ. ಆದ್ರೆ ಡಿಸಿ ಬಿದ್ದ ದಿನ ಇಡೀ ಫ್ಯಾಕ್ಟರಿಗೆ ನೆಟ್ ಇಲ್ಲ ಅಂತ ಪ್ಲಾಂಟ್ ಹೆಡ್ ಫೋನ್ ಮಾಡ್ತಾರಲ್ಲ, ಆಗ ಶಾಸ್ತ್ರಿಗಳು ಎತ್ತಿಕೊಳ್ತೀರಾ?

---

ಎಸ್‌ಆರ್‌ವಿ_ಶಾಸ್ತ್ರಿ · 10:31

ಎರಡನೇದಾಗಿ 10.10.0.11, ಮೂರನೇದಾಗಿ 10.10.0.12 ಹಾಕಿ. ಪೀಣ್ಯದ ಡಿಸಿ ಬಿದ್ರೆ ಟನಲ್ ಮೂಲಕ ವೈಟ್‌ಫೀಲ್ಡ್ ಉತ್ತರ ಕೊಡತ್ತೆ, ಇಂಟರ್ನೆಟ್ ಹೆಸರುಗಳಿಗೂ ಕೊಡತ್ತೆ. ಹೊರಗಿನ 8.8.8.8, 1.1.1.1 ಇತ್ಯಾದಿ ಡಿಸಿಯ ಡಿಎನ್‌ಎಸ್ ಸರ್ವರ್‌ನ ಫಾರ್ವರ್ಡರ್ಸ್ ಪಟ್ಟಿಯಲ್ಲಿರಬೇಕು, ಪಿಸಿಯಲ್ಲಿ ಅಲ್ಲ. ಮನೆ ವಿಷಯ ಮನೆಯವರನ್ನ ಕೇಳಬೇಕು, ಬೀದಿ ವಿಷಯ ಮನೆಯವರ ಮೂಲಕ ಕೇಳಬೇಕು, ಅಷ್ಟೇ.

ಗೆಸ್ಟ್ ವೈಫೈ, ಸಿಸಿಟಿವಿ, ಬಯೋಮೆಟ್ರಿಕ್ ಇವಕ್ಕೆ ಡೊಮೇನ್ ಬೇಡ. ಬೇರೆ ವಿಎಲ್ಯಾನ್ (ಪ್ರತ್ಯೇಕ ನೆಟ್‌ವರ್ಕ್ ಭಾಗ) ಮಾಡಿ, ಅಲ್ಲಿಗೆ ಬೇಕಿದ್ರೆ 8.8.8.8 ಕೊಡಿ. ಪ್ಲಾಂಟ್ ಹೆಡ್ ಮೊಬೈಲ್ ಅದೇ ವೈಫೈಯಲ್ಲಿರಲಿ.

---

ಪಿಂಗ್_ಪಾಂಗ್ · 10:33

ಕೊನೇ ಸಾಲು ಒಪ್ಪಿದೆ.

---

ಧಾರವಾಡ_ಪೇಡೆ · 10:47

ಝೋನ್ ಪ್ರಶ್ನೆಗೆ ಯಾರೂ ಉತ್ತರಾನ ಕೊಟ್ಟಿಲ್ಲ ನೋಡ್ರಿ. ಸೈಟಿಗೊಂದು ಝೋನ್ ಬೇಕಾಗಿಲ್ರಿ. ಸೆಕೆಂಡರಿ ಝೋನೂ ಬ್ಯಾಡ. ಎಡಿ-ಇಂಟಿಗ್ರೇಟೆಡ್ (ಡೈರೆಕ್ಟರಿಯೊಳಗ ಇರೂ) ಝೋನ್ ಒಂದ ಇಡ್ರಿ, ರೆಪ್ಲಿಕೇಶನ್ ಸ್ಕೋಪ್ (ಯಾವ ಸರ್ವರಿಗೆಲ್ಲ ನಕಲಾಗಬೇಕು ಅನ್ನೂದು) "ಈ ಡೊಮೇನಿನ ಎಲ್ಲಾ ಡಿಎನ್‌ಎಸ್ ಸರ್ವರ್" ಅಂತ. ಅಂಡರ್‌ಸ್ಕೋರ್ ಎಂಎಸ್‌ಡಿಸಿಎಸ್ ಝೋನ್ (ಡಿಸಿ ಎಲ್ಲಿ ಅದಾವ ಅಂತ ಹೇಳೂದು) ಮಾತ್ರ "ಈ ಫಾರೆಸ್ಟಿನ ಎಲ್ಲಾ" ಅಂತ ಇರ್ಲಿ. ಮೂರೂ ಡಿಸಿ ಬರೆಯೂ ಬಹುದು, ಓದೂ ಬಹುದು.

ಹಿಂದಿನವರು ಪೀಣ್ಯದಾಗ ಅದ ಹೆಸರಿನ ಸೆಕೆಂಡರಿ ಝೋನ್ ಫೈಲ್ ಮಾಡಿಟ್ಟಿದ್ರ ಅದನ್ನ ಮೊದಲ ಅಳಸ್ರಿ. ಇವೆಂಟ್ ಲಾಗಿನ್ಯಾಗ 4515 ಕಂಡ್ರ ಬೇರೆ ಕಥಿ: ಒಂದ ಝೋನಿಂದು ಎರಡು ಪ್ರತಿ ಎರಡು ಪಾರ್ಟಿಶನ್‌ನ್ಯಾಗ ಕುಂತಾವು ಅಂತ ಅರ್ಥ.

ರಿವರ್ಸಿಗೆ (ಐಪಿಯಿಂದ ಹೆಸರು ಹುಡುಕೂದಕ್ಕ) 10.ಇನ್-ಆಡರ್.ಆರ್ಪ ಅಂತ ಒಂದ ಝೋನ್ ಸಾಕು. /24ಕ್ಕೊಂದು ಮಾಡಿ ಮೂವತ್ತು ಝೋನ್ ಸಾಕೂದು ಬ್ಯಾಡ.

---

ಕರಾವಳಿ_ಕೇಬಲ್ · 11:05

ಎಲ್ಲ ಡಿಎನ್‌ಎಸ್ ಡಿಎನ್‌ಎಸ್ ಅಂತಿದ್ದೀರಿ ಮಾರಾಯ್ರೆ, ಸೈಟ್ಸ್ ಅಂಡ್ ಸರ್ವಿಸಸ್ (ಎಡಿಗೆ ಸೈಟುಗಳನ್ನು ತಿಳಿಸುವ ಟೂಲ್) ತೆರೆದು ನೋಡಿದ್ದುಂಟಾ? ಪಿಸಿಗೆ ತಾನು ಯಾವ ಸೈಟಲ್ಲಿದ್ದೇನೆ ಅಂತ ಗೊತ್ತಾಗುವುದು ಸಬ್ನೆಟ್ (ಐಪಿ ವಿಳಾಸಗಳ ಗುಂಪು) ಪಟ್ಟಿಯಿಂದ. ಸಬ್ನೆಟ್ ಇಲ್ಲದಿದ್ದರೆ ಸಿಕ್ಕಿದ ಡಿಸಿಗೆ ಹೋಗ್ತದೆ, ಪೀಣ್ಯದ ಪಿಸಿ ಊರು ದಾಟಿ ವೈಟ್‌ಫೀಲ್ಡಿಗೆ. ಸಂಜೆ ಟ್ರಾಫಿಕ್ಕಿನಲ್ಲಿ ಹೋದ ಹಾಗೆ.

ನಿಧಾನ ಇರುವ ಪಿಸಿಯಲ್ಲಿ ಇದನ್ನು ಹೊಡೀರಿ (ಇಂಗ್ಲಿಷ್ ಅಕ್ಷರದಲ್ಲಿ, ಕಮಾಂಡ್ ಪ್ರಾಂಪ್ಟಿಗೆ ಕನ್ನಡ ಬರುವುದಿಲ್ಲ):

ಎನ್‌ಎಲ್‌ಟೆಸ್ಟ್ /ಡಿಎಸ್‌ಗೆಟ್‌ಸೈಟ್
ಎನ್‌ಎಲ್‌ಟೆಸ್ಟ್ /ಡಿಎಸ್‌ಗೆಟ್‌ಡಿಸಿ:ಕಾರ್ಖಾನೆ.ಲೋಕಲ್ /ಫೋರ್ಸ್

ಡಿಸಿಯ ವಿಂಡೋಸ್ ಫೋಲ್ಡರ್, ಅದರೊಳಗೆ ಡೀಬಗ್, ಅದರೊಳಗೆ ನೆಟ್‌ಲಾಗನ್.ಲಾಗ್. ಅದರಲ್ಲಿ ನೋ_ಕ್ಲೈಂಟ್_ಸೈಟ್ ಅಂತ ಸಾಲುಗಳಿದ್ದರೆ ಎದುರಿಗೇ ಐಪಿ ಇರ್ತದೆ. ಸಿಸ್ಟಮ್ ಲಾಗಿನಲ್ಲಿ 5807 ಕೂಡ ಅದನ್ನೇ ಹೇಳುವುದು. ಮೂರು ಡಿಸಿಯಲ್ಲೂ ನೋಡಿ, ಒಂದರಲ್ಲಿ ನೋಡಿ ಬಿಡಬೇಡಿ.

---

ಪೀಣ್ಯ_ಸೆಕೆಂಡ್_ಸ್ಟೇಜ್ · 11:48

ಅಬ್ಬಾ. ವೈಟ್‌ಫೀಲ್ಡ್ ಡಿಸಿಯ ಲಾಗ್ ತುಂಬಾ ನೋ_ಕ್ಲೈಂಟ್_ಸೈಟ್. ಎಲ್ಲಾ 10.21.0 ಇಂದ ಶುರು. ಹೊಸ ಶೆಡ್ಡಿಗೆ ಮಾಡಿದ ವಿಎಲ್ಯಾನ್ ಅದು, ಸಬ್ನೆಟ್ ಪಟ್ಟಿಯಲ್ಲಿ 10.20.0.0/24 ಮಾತ್ರ ಇದೆ. ಬೊಮ್ಮಸಂದ್ರದ್ದೂ ಇಲ್ಲ.

8.8.8.8 ತೆಗೆದೆ. ಡಿಎಚ್‌ಸಿಪಿ ಲೀಸ್ (ಐಪಿ ಕೊಟ್ಟಿರೋ ಅವಧಿ) ನವೀಕರಣ ಆಗೋವರೆಗೂ ಹಳೇದೇ ಇರತ್ತೆ ಅಲ್ವಾ?

---

ಬನಶಂಕರಿ_ಬೈಟ್ · 11:52

ಡೀಫಾಲ್ಟ್ ಲೀಸ್ 8 ದಿನ, ಅರ್ಧಕ್ಕೆ ನವೀಕರಣ, ಅಂದ್ರೆ 4 ದಿನದೊಳಗೆ. ರೀಬೂಟ್ ಆದ್ರೂ ಹೊಸದು ತಗೊಳತ್ತೆ. ಅವಸರ ಇದ್ರೆ ಐಪಿಕಾನ್ಫಿಗ್ /ರಿನ್ಯೂ. ಕೈಯಲ್ಲಿ ಐಪಿ ಹಾಕಿರೋ ಪಿಸಿಗಳನ್ನ ಮರೀಬೇಡಿ, ಫ್ಯಾಕ್ಟರಿ ಅಂದ್ಮೇಲೆ ಹತ್ತಾದ್ರೂ ಇರ್ತವೆ.

---

ಎಸ್‌ಆರ್‌ವಿ_ಶಾಸ್ತ್ರಿ · 12:10

10.20.0.0/16 ಮತ್ತು 10.21.0.0/16 ಎರಡನ್ನೂ ಪೀಣ್ಯ ಸೈಟಿಗೆ ಕಟ್ಟಿ. ದೊಡ್ಡದಾಗಿ ಕೊಟ್ರೆ ನಾಳೆ ಇನ್ನೊಂದು ವಿಎಲ್ಯಾನ್ ಬಂದ್ರೂ ಅದರೊಳಗೇ ಬರತ್ತೆ. ಇನ್ನೂ ಚಿಕ್ಕ ಸಬ್ನೆಟ್ ಬೇರೆ ಸೈಟಿಗೆ ಕಟ್ಟಿದ್ರೆ ಚಿಕ್ಕದೇ ಗೆಲ್ಲತ್ತೆ, ಗೊಂದಲ ಇಲ್ಲ. ಬೊಮ್ಮಸಂದ್ರದ 10.30.0.0/24ನ್ನ ನೇರವಾಗಿ ವೈಟ್‌ಫೀಲ್ಡ್ ಸೈಟಿಗೇ ಕಟ್ಟಿ. ಡಿಸಿ ಇಲ್ಲದ ಜಾಗಕ್ಕೆ ಬೇರೆ ಸೈಟ್ ಬೇಡ.

ಆಮೇಲೆ ಡಿಎನ್‌ಎಸ್ ಮ್ಯಾನೇಜರಲ್ಲಿ _ಎಲ್‌ಡ್ಯಾಪ್._ಟಿಸಿಪಿ.ಪೀಣ್ಯ._ಸೈಟ್ಸ್.ಡಿಸಿ._ಎಂಎಸ್‌ಡಿಸಿಎಸ್ ಕೆಳಗೆ ಯಾವ ಡಿಸಿ ಇದೆ ನೋಡಿ. ಪೀಣ್ಯದ್ದೊಂದೇ ಇರಬೇಕು.

ಮತ್ತೆ ಸೈಟ್ ಲಿಂಕ್, ಅಂದ್ರೆ ಸೈಟುಗಳ ಡಿಸಿಗಳು ಎಷ್ಟು ಹೊತ್ತಿಗೊಮ್ಮೆ ಬದಲಾವಣೆ ಹಂಚಿಕೊಳ್ಳಬೇಕು ಅನ್ನೋದು. ಡೀಫಾಲ್ಟ್ 180 ನಿಮಿಷ ಇರತ್ತೆ. ವೈಟ್‌ಫೀಲ್ಡಲ್ಲಿ ಸೇರಿಸಿದ ಹೆಸರು ಪೀಣ್ಯಕ್ಕೆ ಬರೋಕೆ ಮೂರು ಗಂಟೆ, ಅದರ ಮೇಲೆ ಡಿಎನ್‌ಎಸ್ ಸರ್ವಿಸ್ ಡೈರೆಕ್ಟರಿಯನ್ನ ಇಣುಕೋದು 180 ಸೆಕೆಂಡಿಗೊಮ್ಮೆ. ಅಲ್ಲಿ 15 ಹಾಕಿ, ಅದಕ್ಕಿಂತ ಕಡಿಮೆ ಹಾಕೋಕೆ ಬಿಡಲ್ಲ. ಇನ್ನೂ ಬೇಗ ಬೇಕಂದ್ರೆ ಲಿಂಕಿನ ಆಪ್ಷನ್ಸ್ ಅಟ್ರಿಬ್ಯೂಟಿಗೆ 1 ಕೊಡಿ, ಬದಲಾವಣೆ ಆದ ಕೂಡಲೇ ತಾನೇ ಕೂಗಿ ಹೇಳತ್ತೆ. ಊರೊಳಗಿನ ಫೈಬರಿಗೆ ಅದೇನೂ ಭಾರ ಅಲ್ಲ.

---

ಬಸವನಗುಡಿ_ಬೈಂಡ್ · 12:26

ಬೊಮ್ಮಸಂದ್ರಕ್ಕೆ ನನ್ನದೊಂದು ಮಾತು. 25 ಪಿಸಿ ಪ್ರತಿ ಯೂಟ್ಯೂಬ್ ಹೆಸರಿಗೂ ಟನಲ್ ದಾಟಬೇಕಾ? ಫೈರ್‌ವಾಲಲ್ಲಿ ಅನ್‌ಬೌಂಡ್ ಥರದ ರಿಸಾಲ್ವರ್ (ಹೆಸರು ಹುಡುಕಿಕೊಡೋ ಡಿಎನ್‌ಎಸ್ ಸಾಫ್ಟ್‌ವೇರ್) ಇದ್ರೆ ಪಿಸಿಗಳಿಗೆ ಅದನ್ನೇ ಕೊಡಿ. ಕಾರ್ಖಾನೆ.ಲೋಕಲ್ ಮತ್ತು 10.ಇನ್-ಆಡರ್.ಆರ್ಪ ಎರಡಕ್ಕೂ ಕಂಡೀಶನಲ್ ಫಾರ್ವರ್ಡ್ (ಆ ಹೆಸರುಗಳ ಪ್ರಶ್ನೆ ಮಾತ್ರ ಬೇರೆಡೆ ಕಳಿಸೋದು), ಗುರಿ 10.10.0.11 ಮತ್ತು .12. ಮಿಕ್ಕಿದ್ದು ನೇರ ಹೊರಗೆ.

ಜನ ಎಡವೋ ಕಡೆ ಎರಡು. ಒಂದು, ರಿಬೈಂಡಿಂಗ್ ರಕ್ಷಣೆ: ಉತ್ತರದಲ್ಲಿ ಖಾಸಗಿ ಐಪಿ ಕಂಡ್ರೆ ಅನ್‌ಬೌಂಡ್ ಅದನ್ನ ಕಿತ್ತುಹಾಕತ್ತೆ, ನಿಮಗೆ ಖಾಲಿ ಉತ್ತರ. ಪ್ರೈವೇಟ್-ಡೊಮೇನ್ ಸಾಲಲ್ಲಿ ನಿಮ್ಮ ಝೋನ್ ಬರೀರಿ. ಎರಡು, ಡಿಎನ್‌ಎಸ್‌ಸೆಕ್ (ಉತ್ತರದ ಸಹಿ ಪರಿಶೀಲನೆ): ರೂಟ್ ಝೋನಿಗೆ 2010ರಿಂದ ಸಹಿ ಇದೆ, ಅದರ ಪ್ರಕಾರ ಲೋಕಲ್ ಅನ್ನೋ ಟಿಎಲ್‌ಡಿಯೇ (ಹೆಸರಿನ ಕೊನೇ ತುಂಡು) ಇಲ್ಲ. ಪರಿಶೀಲನೆ ಆನ್ ಇದ್ರೆ ನಿಮ್ಮ ಡಿಸಿಯ ಉತ್ತರ ನಕಲಿ ಅಂತ ಸರ್ವ್‌ಫೇಲ್ ದೋಷ ಬರತ್ತೆ. ಡೊಮೇನ್-ಇನ್‌ಸೆಕ್ಯೂರ್ ಸಾಲು ಹಾಕಿ. ಬೈಂಡ್ (ಇನ್ನೊಂದು ಡಿಎನ್‌ಎಸ್ ಸಾಫ್ಟ್‌ವೇರ್) ಆದ್ರೆ ವ್ಯಾಲಿಡೇಟ್-ಎಕ್ಸೆಪ್ಟ್.

---

ಎಸ್‌ಆರ್‌ವಿ_ಶಾಸ್ತ್ರಿ · 12:34

25 ಪಿಸಿಗೆ ಇಷ್ಟು ಕಸರತ್ತು ಬೇಡ ಅಂತ ನನ್ನ ಮತ. ಡಿಎಚ್‌ಸಿಪಿಯಲ್ಲಿ 10.10.0.11, .12 ಎರಡೇ ಕೊಟ್ಟು ಸುಮ್ಮನಿರಬಹುದು. ಒಂದು ಡಿಎನ್‌ಎಸ್ ಪ್ರಶ್ನೆ ನೂರು ಬೈಟ್ ಚಿಲ್ಲರೆ.

---

ಬಸವನಗುಡಿ_ಬೈಂಡ್ · 12:39

ಟನಲ್ ಬಿದ್ದಾಗ? ಹೊಸೂರು ರೋಡಲ್ಲಿ ಯಾವ ದಿನ ಯಾರು ಅಗೀತಾರೋ ಹೇಳೋಕಾಗತ್ತಾ? ಇಂಟರ್ನೆಟ್ ಬ್ಯಾಕಪ್ ಸಿಮ್ಮಲ್ಲಿ ನಡೀತಿರತ್ತೆ, ಡಿಎನ್‌ಎಸ್ ಮಾತ್ರ ವೈಟ್‌ಫೀಲ್ಡ್ ಕಡೆ ನೋಡ್ತಾ ಕೂತಿರತ್ತೆ. ಇ-ವೇ ಬಿಲ್ ಪೋರ್ಟಲ್ ತೆರೆಯದಿದ್ರೆ ಲಾರಿ ಗೇಟ್ ದಾಟಲ್ಲ.

---

ಎಸ್‌ಆರ್‌ವಿ_ಶಾಸ್ತ್ರಿ · 12:45

ಲಾರಿ ವಿಷಯ ಒಪ್ಪಿದೆ. ರಿಸಾಲ್ವರ್ ಇಡಿ. ಆದ್ರೆ ಒಂದು ಸೇರಿಸಿ: ಪಿಸಿ ತನ್ನ ಹೆಸರನ್ನ ರಿಜಿಸ್ಟರ್ ಮಾಡುವಾಗ ಅಪ್‌ಡೇಟ್ ಅನ್‌ಬೌಂಡಿಗೆ ಹೋಗಲ್ಲ. ಝೋನಿನ ಎಸ್‌ಒಎ (ಮುಖ್ಯ ಸರ್ವರ್) ಯಾರು ಅಂತ ಕೇಳಿ ಆ ಡಿಸಿಗೇ ನೇರ ಕಳಿಸತ್ತೆ. ಅದಕ್ಕೆ ಬೊಮ್ಮಸಂದ್ರದಿಂದ ಡಿಸಿಗಳ ಪೋರ್ಟ್ 53 ಯುಡಿಪಿ, ಟಿಸಿಪಿ ಎರಡೂ ತೆರೆದಿರಬೇಕು. ಲಾಗಿನ್‌ಗೆ 88, 389, 445, 135 ಮತ್ತು 49152ರಿಂದ 65535 ಹೇಗೂ ಬೇಕು.

---

ಕರಾವಳಿ_ಕೇಬಲ್ · 13:02

53 ಟಿಸಿಪಿ ಅಂದದ್ದಕ್ಕೆ ನೆನಪಾಯ್ತು. ಡಿಎನ್‌ಎಸ್ ಅಂದ್ರೆ ಯುಡಿಪಿ ಅಂತ ಟಿಸಿಪಿ ಮುಚ್ಚಿಡುವವರು ತುಂಬಾ ಮಂದಿ ಇದ್ದಾರೆ. ಉತ್ತರ ದೊಡ್ಡದಾದ್ರೆ ಟಿಸಿಪಿಗೇ ಬರುವುದು. ಡಿಗ್ ಕಮಾಂಡಿಗೆ +ಟಿಸಿಪಿ ಸೇರಿಸಿ ನೋಡಿ, ಅಥವಾ ಪವರ್‌ಶೆಲ್‌ನ ರಿಸಾಲ್ವ್-ಡಿಎನ್‌ಎಸ್‌ನೇಮ್ ಜೊತೆ -ಟಿಸಿಪಿಓನ್ಲಿ.

ಐಪಿಸೆಕ್ ಒಳಗೆ ದೊಡ್ಡ ಯುಡಿಪಿ ತುಂಡಾಗಿ ಬಿದ್ದುಹೋಗುವುದೂ ಉಂಟು. ಪಿಂಗ್ -ಎಫ್ -ಎಲ್ 1372 ಹೊಡೀರಿ. ಅದು ದಾಟಿದರೆ ದಾರಿಯ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ಕನಿಷ್ಠ 1400 (ಹೆಡರ್ 28 ಬೈಟ್). ದಾಟದಿದ್ದರೆ ಕಡಿಮೆ ಮಾಡ್ತಾ ಹೋಗಿ. 2020ರ ಡಿಎನ್‌ಎಸ್ ಫ್ಲ್ಯಾಗ್ ಡೇ ಸಮಯದಲ್ಲಿ ಇಡಿಎನ್‌ಎಸ್ ಗಾತ್ರ (ಯುಡಿಪಿ ಉತ್ತರದ ಮಿತಿ) 1232 ಇಡಿ ಅಂದದ್ದು ಈ ತುಂಡಿನ ತಲೆನೋವಿಗೇ.

---

ಧಾರವಾಡ_ಪೇಡೆ · 14:20

ಊಟ ಆತು. ಈಗ ಡಿಸಿ ಕಾರ್ಡಿನ ಕ್ರಮ. ವೈಟ್‌ಫೀಲ್ಡ್ .11ಕ್ಕ ಮೊದಲ .12, ಆಮ್ಯಾಲ 127.0.0.1 (ಅಂದ್ರ ತಾನ). ಅದರಂಗ .12ಕ್ಕ ಮೊದಲ .11. ಪೀಣ್ಯದ ಡಿಸಿಗೆ ಮೊದಲ 10.10.0.11, ಆಮ್ಯಾಲ 10.10.0.12, ಕೊನೀಗೆ 127.0.0.1. ತನ್ನನ್ನ ತಾನ ಮೊದಲ ಕೇಳಬಾರದು.

---

ಪಿಂಗ್_ಪಾಂಗ್ · 14:26

ಪೀಣ್ಯದ ಡಿಸಿ ಪ್ರತಿಯೊಂದಕ್ಕೂ ವೈಟ್‌ಫೀಲ್ಡನ್ನ ಕೇಳಬೇಕಾ? ಟನಲ್ ಇಲ್ಲದಾಗ ನಿಧಾನ ಆಗಲ್ವಾ? ತನ್ನ ಐಪಿಯೇ ಮೊದಲು ಇಡಿ. ಡಿಸಿ ತನ್ನನ್ನೇ ಕೇಳಿ ಮಿಕ್ಕ ಡಿಸಿಗಳಿಂದ ಬೇರೆಯಾಗೋ ದ್ವೀಪದ ಸಮಸ್ಯೆ ವಿಂಡೋಸ್ 2000 ಕಾಲದ್ದು.

---

ಧಾರವಾಡ_ಪೇಡೆ · 14:35

ಪಿಸಿಗೋಳ ಪ್ರಶ್ನೆ ಬ್ಯಾರೆ, ಡಿಸಿ ತನ್ನ ಸ್ವಂತ ಕೆಲಸಕ್ಕ ಕೇಳೂದು ಬ್ಯಾರೆ. ಪಿಸಿಗೆ 10.20.0.11 ತನ್ನ ಝೋನಿಂದನ ಉತ್ತರ ಕೊಡ್ತೈತಿ, ಕಾರ್ಡಿನ ಕ್ರಮಕ್ಕೂ ಅದಕ್ಕೂ ಸಂಬಂಧಿಲ್ಲ.

ಕರೆಂಟ್ ಹೋಗಿ ಬಂದಾಗ ನೋಡ್ರಿ. ಡಿಸಿ ಏಳ್ತೈತಿ, ಡಿಎನ್‌ಎಸ್ ಸರ್ವಿಸ್ "ಡೈರೆಕ್ಟರಿ ಮೊದಲ ಸಿಂಕ್ ಆಗ್ಲಿ" ಅಂತ ಕಾಯ್ತೈತಿ, ಡೈರೆಕ್ಟರಿ "ಪಾರ್ಟ್ನರ್ ಹೆಸರು ಸಿಗ್ಲಿ" ಅಂತ ಡಿಎನ್‌ಎಸ್ ಕಡೆ ನೋಡ್ತೈತಿ. ಇವೆಂಟ್ 4013 ಅಂದ್ರ ಇದ. ಮೊದಲ ಸಾಲಿನ್ಯಾಗ ಬ್ಯಾರೆ ಡಿಸಿ ಇದ್ರ ಬಗೀಹರೀತೈತಿ. 127.0.0.1 ಮೊದಲಿದ್ರ ಮೈಕ್ರೋಸಾಫ್ಟಿನ ಬೆಸ್ಟ್ ಪ್ರಾಕ್ಟೀಸಸ್ ಅನಲೈಸರ್ ಸುದ್ಧಾ ಎಚ್ಚರಿಕಿ ಕೊಡ್ತದ, ಪಟ್ಟಿಯೊಳಗ ಇಲ್ಲದಿದ್ರೂ ಕೊಡ್ತದ.

---

ಬನಶಂಕರಿ_ಬೈಟ್ · 14:41

ಅದಕ್ಕೆ ಟನಲ್ ಮೊದಲು ಏಳಬೇಕು. ಫೈರ್‌ವಾಲ್, ಸ್ವಿಚ್, ಓಎನ್‌ಟಿ (ಫೈಬರ್ ಮೋಡೆಮ್) ಮೂರೂ ಯುಪಿಎಸ್ ಮೇಲೆ. ಬಹಳ ಕಡೆ ಸರ್ವರ್ ಮಾತ್ರ ಯುಪಿಎಸ್‌ನಲ್ಲಿರತ್ತೆ, ಓಎನ್‌ಟಿ ಗೋಡೆ ಪ್ಲಗ್ಗಲ್ಲಿ ನೇತಾಡ್ತಿರತ್ತೆ.

---

ಪಿಂಗ್_ಪಾಂಗ್ · 14:44

ಓಎನ್‌ಟಿಗೆ 12 ವೋಲ್ಟಿನ ಮಿನಿ ಯುಪಿಎಸ್ ಎಸ್‌ಪಿ ರೋಡಲ್ಲಿ ಸಿಗತ್ತೆ. ಅಡಾಪ್ಟರ್ ಮೇಲೆ ಆಂಪಿಯರ್ ನೋಡಿ ತಗೊಳ್ಳಿ, 2 ಆಂಪಿಯರ್ ಬೇಕಾದ್ದಕ್ಕೆ 1ರದ್ದು ಹಾಕಿದ್ರೆ ಆಗಾಗ ರೀಸ್ಟಾರ್ಟ್ ಆಗ್ತಾ ಇರತ್ತೆ.

---

ಪೀಣ್ಯ_ಸೆಕೆಂಡ್_ಸ್ಟೇಜ್ · ಮಂಗಳವಾರ, ಬೆಳಗ್ಗೆ 9:15

ಸಬ್ನೆಟ್ ಸೇರಿಸಿದೆ, ಕಾರ್ಡಿನ ಕ್ರಮ ಪೇಡೆಯವರು ಹೇಳಿದ ಹಾಗೆ ಇಟ್ಟೆ, ಲಿಂಕ್ 15 ನಿಮಿಷ. ಹೊಸ ಶೆಡ್ಡಿನ ಪಿಸಿಗಳೆಲ್ಲ ಸರಿ. ಆದ್ರೆ ಇವತ್ತು ವೈಟ್‌ಫೀಲ್ಡ್‌ನ ಎರಡು ಪಿಸಿ ನಿಧಾನ ಅಂತ ಕಂಪ್ಲೇಂಟ್! ಅಲ್ಲಿ ಯಾವತ್ತೂ ಇರಲಿಲ್ಲ. ಎನ್‌ಎಸ್‌ಲುಕಪ್ ಕಾರ್ಖಾನೆ.ಲೋಕಲ್ ಹೊಡೆದ್ರೆ:

10.10.0.11
10.10.0.12
10.20.0.11
192.168.5.2

ಕೊನೇದು ಪೀಣ್ಯ ಡಿಸಿಯ ಎರಡನೇ ಕಾರ್ಡು. ಸಿಎನ್‌ಸಿ ಮೆಷಿನ್‌ಗಳ ನೆಟ್‌ವರ್ಕಿಗೆ ಪ್ರೋಗ್ರಾಂ ಫೈಲ್ ಕಳಿಸೋಕೆ ಹಾಕಿದ್ದಾರೆ.

---

ಬನಶಂಕರಿ_ಬೈಟ್ · 9:17

ಸಿಕ್ಕಿಬಿದ್ದ.

---

ಎಸ್‌ಆರ್‌ವಿ_ಶಾಸ್ತ್ರಿ · 9:38

ಡಿಸಿಗೆ ಎರಡು ಕಾಲು ಇರಬಾರದು. 192.168.5.2 ಸಿಕ್ಕಿದ ಪಿಸಿ ಆ ದಾರಿಯೇ ಇಲ್ಲದೆ ಟೈಮೌಟ್ ಆಗೋವರೆಗೂ ಕಾಯತ್ತೆ, ಆಮೇಲೆ ಮುಂದಿನದು. ಗ್ರೂಪ್ ಪಾಲಿಸಿ (ಪಿಸಿಗಳಿಗೆ ಕೇಂದ್ರದಿಂದ ಕೊಡೋ ಸೆಟ್ಟಿಂಗ್) ಎಳೆಯೋದು ಡೊಮೇನ್ ಹೆಸರಿನ ಸಿಸ್‌ವಾಲ್ ಶೇರಿಂದ (ಡಿಸಿಗಳಲ್ಲಿರೋ ಫೋಲ್ಡರ್) ತಾನೆ? ಅಲ್ಲಿ ಪ್ರತಿ ಸಲ ಹೀಗಾದ್ರೆ ನಿಮಿಷಗಳು ಸೇರ್ತವೆ.

ಸುಮ್ಮನೆ ರೆಕಾರ್ಡ್ ಅಳಿಸಿದ್ರೆ ಮತ್ತೆ ಹುಟ್ಟತ್ತೆ, ಯಾಕಂದ್ರೆ ಬರೆಯೋರು ಮೂವರು. ಯಂತ್ರದ ಹೆಸರನ್ನ ಡಿಎನ್‌ಎಸ್ ಕ್ಲೈಂಟ್ ಬರೆಯತ್ತೆ: ಆ ಕಾರ್ಡಿನ ಐಪಿವಿ4, ಅಡ್ವಾನ್ಸ್ಡ್, ಡಿಎನ್‌ಎಸ್ ಟ್ಯಾಬಲ್ಲಿ "ಈ ಕನೆಕ್ಷನ್ನಿನ ವಿಳಾಸವನ್ನು ರಿಜಿಸ್ಟರ್ ಮಾಡು" ಟಿಕ್ ತೆಗೀರಿ. ಡಿಎನ್‌ಎಸ್ ಸರ್ವರ್ ತಾನು ಕೇಳಿಸಿಕೊಳ್ಳೋ ಐಪಿಗಳನ್ನೂ ಬರೆಯತ್ತೆ: ಡಿಎನ್‌ಎಸ್ ಮ್ಯಾನೇಜರ್, ಸರ್ವರ್ ಪ್ರಾಪರ್ಟೀಸ್, ಇಂಟರ್ಫೇಸಸ್ ಟ್ಯಾಬಲ್ಲಿ 10.20.0.11 ಮಾತ್ರ ಉಳಿಸಿ. ಮೂರನೇದು ನೆಟ್‌ಲಾಗನ್, ಡೊಮೇನಿನ ಹೆಸರಿಗೆ ಐಪಿ ಬರೆಯೋದು ಅದೇ. ಇಷ್ಟು ಮಾಡಿ ಹಳೇ ರೆಕಾರ್ಡ್ ಕೈಯಲ್ಲಿ ಅಳಿಸಿ, ನೆಟ್‌ಲಾಗನ್ ಮತ್ತು ಡಿಎನ್‌ಎಸ್ ರೀಸ್ಟಾರ್ಟ್ ಮಾಡಿ, ಒಂದು ದಿನ ಬಿಟ್ಟು ಮತ್ತೆ ನೋಡಿ.

ಇದೆಲ್ಲ ಬ್ಯಾಂಡೇಜು. ಸರಿಯಾದ ದಾರಿ ಆ ಕಾರ್ಡು ಕೀಳೋದು. ಸಿಎನ್‌ಸಿ ನೆಟ್‌ವರ್ಕನ್ನ ಫೈರ್‌ವಾಲಿಗೆ ತನ್ನಿ, ಫೈಲ್ ಶೇರ್ ಬೇರೆ ಪಿಸಿಗೆ ಹಾಕಿ.

---

ಕರಾವಳಿ_ಕೇಬಲ್ · 9:55

ಹಳೆಯ ಸಿಎನ್‌ಸಿ ಕಂಟ್ರೋಲರುಗಳಿಗೆ ಎಸ್‌ಎಂಬಿ 1 (ಹಳೆಯ ಫೈಲ್ ಹಂಚುವ ಪ್ರೋಟೋಕಾಲ್) ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ಅಂದ್ರೆ ನಿಮ್ಮ ಡಿಸಿಯಲ್ಲಿ ಎಸ್‌ಎಂಬಿ 1 ಆನ್ ಉಂಟು. 2017ರ ವಾನಾಕ್ರೈ ವೈರಸ್ ಹರಡಿದ್ದು ಅದೇ ಬಾಗಿಲಲ್ಲಿ. ಡಿಎನ್‌ಎಸ್ ಬಿಡಿ, ಅದನ್ನು ಮೊದಲು ಸರಿ ಮಾಡಿ ಮಾರಾಯ್ರೆ.

---

ಬಸವನಗುಡಿ_ಬೈಂಡ್ · 10:08

ಇನ್ನೊಂದು ಡಿಎನ್‌ಎಸ್ ಮಾತು. ವೈಟ್‌ಫೀಲ್ಡ್ ಪಿಸಿಗಳು ಪೀಣ್ಯದ ಡಿಸಿಗೆ ಹೋಗೋದೇ ಬೇಡ ಅಂದ್ರೆ ಅದರ ಸಾಮಾನ್ಯ ಎಸ್‌ಆರ್‌ವಿಗಳನ್ನ (ಯಾವ ಸೇವೆ ಯಾವ ಸರ್ವರಲ್ಲಿದೆ ಅನ್ನೋ ರೆಕಾರ್ಡು) ನಿಲ್ಲಿಸಬಹುದು. ಗ್ರೂಪ್ ಪಾಲಿಸಿಯಲ್ಲಿ ಸಿಸ್ಟಮ್, ನೆಟ್ ಲಾಗನ್, ಡಿಸಿ ಲೊಕೇಟರ್ ಡಿಎನ್‌ಎಸ್ ರೆಕಾರ್ಡ್ಸ್ ಒಳಗೆ "ರಿಜಿಸ್ಟರ್ ಮಾಡಬಾರದ ರೆಕಾರ್ಡು" ಅಂತ ಇದೆ. ಎಲ್‌ಡ್ಯಾಪ್, ಜಿಸಿ, ಕೆಡಿಸಿ, ಎಲ್‌ಡ್ಯಾಪ್‌ಐಪಿಅಡ್ರೆಸ್ ಇಂಥವನ್ನ ಬರೀರಿ. ಆಟ್‌ಸೈಟ್ ಅಂತ ಕೊನೆಯಾಗೋವನ್ನ ಮುಟ್ಟಬೇಡಿ. ಡಿಎಸ್‌ಎಸಿನೇಮ್ ಅಂತೂ ಖಂಡಿತ ಬೇಡ, ರೆಪ್ಲಿಕೇಶನ್ ನಿಂತುಹೋಗತ್ತೆ. ಈ ಪಾಲಿಸಿ ಪೀಣ್ಯ ಡಿಸಿಗೆ ಮಾತ್ರ ತಗುಲಬೇಕು, ಮೂರಕ್ಕೂ ತಗುಲಿದ್ರೆ ಡೊಮೇನೇ ಕಾಣೆ.

---

ಪಿಂಗ್_ಪಾಂಗ್ · 10:15

ಮೂರು ಡಿಸಿ ಮನೆಗೆ ಇದು ಜಾಸ್ತಿ ಆಯ್ತು. ಮೂವತ್ತು ಬ್ರ್ಯಾಂಚ್ ಇರೋರು ಮಾಡ್ಲಿ.

ಬದಲಿಗೆ ಆ .ಲೋಕಲ್ ತೆಗೀಬೇಕು. ಆರ್‌ಎಫ್‌ಸಿ 6762 (ಇಂಟರ್ನೆಟ್ ಮಾನದಂಡ) ಅದನ್ನ ಮಲ್ಟಿಕಾಸ್ಟ್ ಡಿಎನ್‌ಎಸ್‌ಗೆ (ಸರ್ವರ್ ಇಲ್ಲದೆ ಅಕ್ಕಪಕ್ಕದ ಯಂತ್ರ ಹುಡುಕೋದು) ಕೊಟ್ಟು 2013ರಿಂದ ಕೂತಿದೆ, ಡಿಸೈನ್ ವಿಭಾಗದ ಮ್ಯಾಕ್‌ಗಳು ಅದಕ್ಕೇ ಒದ್ದಾಡೋದು.

---

ಎಸ್‌ಆರ್‌ವಿ_ಶಾಸ್ತ್ರಿ · 10:22

ಹೊಸದಾಗಿ ಕಟ್ಟೋರಿಗೆ ಆ ಮಾತು ಸರಿ. ಸ್ವಂತ ಡೊಮೇನಿನ ಕೆಳಗೆ ಎಡಿ.ಕಂಪನಿ.ಇನ್ ಥರ ಇಡಬೇಕು, ಇಲ್ಲಾ 2024ರಲ್ಲಿ ಐಕ್ಯಾನ್ (ಡೊಮೇನ್ ಹೆಸರು ನೋಡಿಕೊಳ್ಳೋ ಸಂಸ್ಥೆ) ಮೀಸಲಿಟ್ಟ .ಇಂಟರ್ನಲ್. ನಡೀತಿರೋ ಡೊಮೇನ್ ಹೆಸರು ಬದಲಾಯಿಸೋ ಸಲಹೆ ಮಾತ್ರ ಯಾರಿಗೂ ಕೊಡಬೇಡಿ. ಒಳಗೆ ಎಕ್ಸ್‌ಚೇಂಜ್ ಮೇಲ್ ಸರ್ವರ್ ಇದ್ರೆ ಅದಕ್ಕೆ ಬೆಂಬಲವೇ ಇಲ್ಲ.

---

ಧಾರವಾಡ_ಪೇಡೆ · 10:40

ಸ್ಕ್ಯಾವೆಂಜಿಂಗ್ (ಹಳೇ ರೆಕಾರ್ಡ್ ತಾನ ಅಳಸೂದು) ಆನ್ ಐತೇನ್ರಿ? ಹಳೇ ಪಿಸಿ ಹೆಸರು ಹೊಸ ಐಪಿ ಅಂತ ಗೊಂದಲ ಬರೂದು ಅದಿಲ್ಲದಕ್ಕ. ಝೋನಿಗೂ ಆನ್ ಮಾಡಬೇಕು, ಒಂದ ಸರ್ವರಿಗೂ ಆನ್ ಮಾಡಬೇಕು. ಒಂದ ಸರ್ವರ್ ಸಾಕು. 7 ದಿನ ನೋ-ರಿಫ್ರೆಶ್, 7 ದಿನ ರಿಫ್ರೆಶ್, ಕಸ ಹೊಡೆಯೂದು 7 ದಿನಕ್ಕೊಮ್ಮೆ, ಹಿಂಗಾಗಿ 14ರಿಂದ 21 ದಿನಕ್ಕ ಹೋಗ್ತದ. ಆನ್ ಮಾಡೂಕಿಂತ ಮೊದಲ ಟೈಮ್‌ಸ್ಟ್ಯಾಂಪ್ ಕಾಲಮ್ ನೋಡ್ರಿ. ಸರ್ವರ್, ಪ್ರಿಂಟರ್ ಎದುರು ಹಳೇ ತಾರೀಖು ಇದ್ರ ಅವೂ ಹೋಗ್ತಾವು, ಸ್ಟ್ಯಾಟಿಕ್ ಮಾಡ್ರಿ.

---

ಪೀಣ್ಯ_ಸೆಕೆಂಡ್_ಸ್ಟೇಜ್ · ಬುಧವಾರ, ಸಂಜೆ 5:30

ಕಾರ್ಡು ಕಿತ್ತೆ. ಸಿಎನ್‌ಸಿ ಶೇರ್ ಒಂದು ಹಳೇ ಪಿಸಿಗೆ ಹೋಯ್ತು, ಅದಕ್ಕೆ ಫೈರ್‌ವಾಲಲ್ಲಿ ಮೆಷಿನ್‌ಗಳಿಗೆ ಮಾತ್ರ ದಾರಿ. ಡಿಸಿಡಯಾಗ್ /ಟೆಸ್ಟ್:ಡಿಎನ್‌ಎಸ್ /ಇ /ವಿ (ಡಿಸಿ ಪರೀಕ್ಷಿಸೋ ಕಮಾಂಡ್) ಮೂರಕ್ಕೂ ಪಾಸ್. ಇವತ್ತು ಬೆಳಗಿನ ಶಿಫ್ಟಲ್ಲಿ ಯಾವ ಪಿಸಿಯೂ 30 ಸೆಕೆಂಡ್ ದಾಟಲಿಲ್ಲ.

ಬೊಮ್ಮಸಂದ್ರದಲ್ಲಿ ಅನ್‌ಬೌಂಡ್ ಹಾಕಿದೆ, ಎರಡು ಸಾಲೂ ಸೇರಿಸಿದೆ. ಒಂದೇ ಒಂದು ಬಾಕಿ: ಪ್ಯಾಕಿಂಗ್ ಟೇಬಲ್ ಪಿಸಿಗೆ ಲೇಬಲ್‌ಪ್ರಿಂಟ್1 ಹೆಸರು ಸಿಗ್ತಿಲ್ಲ. ಆ ಪಿಸಿ ಡೊಮೇನ್‌ಗೆ ಸೇರಿಲ್ಲ. ಮಿಕ್ಕ ಪಿಸಿಗೆ ಸಿಗತ್ತೆ.

---

ಬಸವನಗುಡಿ_ಬೈಂಡ್ · 17:41

ಡೊಮೇನ್ ಪಿಸಿ ಚಿಕ್ಕ ಹೆಸರಿಗೆ ಕಾರ್ಖಾನೆ.ಲೋಕಲ್ ಬಾಲ ತಾನೇ ಅಂಟಿಸತ್ತೆ, ಈ ಪಿಸಿಗೆ ಬಾಲ ಗೊತ್ತಿಲ್ಲ. ಬರೀ ಲೇಬಲ್‌ಪ್ರಿಂಟ್1 ಅಂತ ಕೇಳಿದ್ರೆ ಕಂಡೀಶನಲ್ ಫಾರ್ವರ್ಡಿಗೆ ಅದು ಹೊಂದಲ್ಲ. ಫೈರ್‌ವಾಲ್ ಡಿಎಚ್‌ಸಿಪಿಯಲ್ಲಿ 15ನೇ ಆಪ್ಷನ್, ಡೊಮೇನ್ ನೇಮ್, ಖಾಲಿ ಇರತ್ತೆ ನೋಡಿ.

---

ಪೀಣ್ಯ_ಸೆಕೆಂಡ್_ಸ್ಟೇಜ್ · 17:58

ಖಾಲಿ ಇತ್ತು. ತುಂಬಿ ರಿನ್ಯೂ ಹೊಡೆಸಿದೆ, ಲೇಬಲ್ ಬಂತು. ಪೇಡೆಯವರೇ, ಟೈಮ್‌ಸ್ಟ್ಯಾಂಪ್ ಕಾಲಮ್ ತೆಗೆದೆ, ಪ್ರಿಂಟರ್‌ಗಳಿಗೆಲ್ಲ 2021ರ ತಾರೀಖು ಇದೆ.

---

ಧಾರವಾಡ_ಪೇಡೆ · 18:03

ಹಂಗಿದ್ರ ಸ್ಕ್ಯಾವೆಂಜಿಂಗ್ ಇವತ್ತ ಮುಟ್ಟಬ್ಯಾಡ್ರಿ. ಮೊದಲ ಆ ಪ್ರಿಂಟರೆಲ್ಲ ಸ್ಟ್ಯಾಟಿಕ್ ಮಾಡ್ರಿ.